ಕೃತ್ತಿಕಾ ಗುಚ್ಛ

ವೃಷಭ ರಾಶಿಯಲ್ಲಿ ಬರಿಗಣ್ಣಿಗೆ ಕಾಣುವ, ವಯಸ್ಸಿನಲ್ಲಿ ಎಳೆಯದಾದ ತೆರೆದ ನಕ್ಷತ್ರಗುಚ್ಛ. ಪಂಚಾಂಗದ 27 ನಕ್ಷತ್ರಗಳ ಸಾಲಿನಲ್ಲಿ ಈಗ ಮೂರನೆಯದು. ಪಾಶ್ಚಾತ್ಯರಿಗೆ ಪ್ಲೀಯಡೀಸ್, ಜಪಾನೀಯರಿಗೆ ಸುಬಾರು, ಖಗೋಳಜ್ಞರ ಪಟ್ಟಿಯಲ್ಲಿ ಮೆಸ್ಸಿಯೇ 45. ದೂರ ಸುಮಾರು 444 ಜ್ಯೋತಿರ್ವರ್ಷ, ವಯಸ್ಸು 11ರಿಂದ 12.5 ಕೋಟಿ ವರ್ಷ, ಸದಸ್ಯ ತಾರೆಗಳು ಸಾವಿರಕ್ಕೂ ಮಿಕ್ಕಿ. ಇದನ್ನು ಇಂಥವರು ಇಂಥ ಇಸವಿಯಲ್ಲಿ ಕಂಡುಹಿಡಿದರು ಎಂದು ಬರೆಯುವ ಹಾಗಿಲ್ಲ, ಕಣ್ಣಿದ್ದವರೆಲ್ಲ ಕಂಡದ್ದೇ. ಆದರೆ ಕಂಡದ್ದು ಏನು ಎಂಬುದನ್ನು ಮಾತ್ರ 1610ರಿಂದ ಈಚೆಗೆ ಹಲವು ಸಲ ಹೊಸದಾಗಿ ಪತ್ತೆ ಮಾಡಬೇಕಾಯಿತು. ಕೊನೆಯ ಪತ್ತೆ ನಡೆದದ್ದು 2025ರಲ್ಲಿ.

ಕಾಣುವ ಬಗೆ

ನೋಡುವ ನೆಲೆಯಾಗಿ ಕಾಸರಗೋಡು ತಾಲೂಕಿನ ನೆಕ್ರಾಜೆಯನ್ನು ಇಟ್ಟುಕೊಳ್ಳೋಣ. ಅದು ಭೂಮಧ್ಯರೇಖೆಯಿಂದ ಸುಮಾರು 12.5 ಡಿಗ್ರಿ ಉತ್ತರಕ್ಕಿದೆ. ಗುಚ್ಛವಿರುವುದು ಆಕಾಶದ ವಿಷುವದ್ವೃತ್ತದಿಂದ 24 ಡಿಗ್ರಿ ಉತ್ತರಕ್ಕೆ. ಹಾಗಾಗಿ ಇಲ್ಲಿ ಅದು ಅತಿ ಎತ್ತರಕ್ಕೆ ಬಂದಾಗಲೂ ನಡುನೆತ್ತಿಯಿಂದ ಬಡಗಣಕ್ಕೆ ಹನ್ನೆರಡು ಡಿಗ್ರಿಯಷ್ಟು ವಾಲಿರುತ್ತದೆ. ಜನವರಿಯ ಕೊನೆಯ ವಾರ ರಾತ್ರಿ ಎಂಟು ಗಂಟೆಗೆ ಅಂಗಳಕ್ಕಿಳಿದು ತಲೆಯನ್ನು ಹಿಂದಕ್ಕೆ ಚೆಲ್ಲಿದರೆ ಸಾಕು. ಅಡಿಕೆ ತೋಟದ ನಡುವಿನ ಮನೆಗಳಿಗೆ ಆಕಾಶ ದಕ್ಕುವುದು ಬಾವಿಯ ಬಾಯಿಯಷ್ಟೇ. ಆ ಬಾಯಿಯೊಳಗೂ ಬಂದು ಹೋಗುವ ಕೆಲವೇ ಹೆಸರಾಂತ ಚುಕ್ಕಿಗಳಲ್ಲಿ ಕೃತ್ತಿಕೆ ಒಂದು. ಮೂಡುವುದನ್ನೂ ಕಂತುವುದನ್ನೂ ನೋಡಬೇಕಾದವರು ಮುರಕಲ್ಲಿನ ಪದವು ಹತ್ತಬೇಕು.

ಗುರುತಿಸುವುದು ಸುಲಭ. ಮಹಾವ್ಯಾಧನ ನಡುಪಟ್ಟಿಯ ಮೂರು ಚುಕ್ಕಿಗಳ ಗೆರೆಯನ್ನು ವಾಯವ್ಯಕ್ಕೆ ಎಳೆದರೆ ಮೊದಲು ಕೆಂಪಗಿನ ರೋಹಿಣಿ, ಅದನ್ನು ದಾಟಿದರೆ ಕೃತ್ತಿಕೆ. ಪುಟ್ಟ ಸೌಟಿನ ಆಕಾರ ನೋಡಿ ಇದನ್ನೇ ಸಪ್ತರ್ಷಿ ಮಂಡಲ ಅಂದುಕೊಳ್ಳುವವರು ಈಗಲೂ ಇದ್ದಾರೆ. ಸಾಮಾನ್ಯ ಕಣ್ಣಿಗೆ ಕಾಣುವುದು ಆರು ತಾರೆ: ಆಲ್ಸಿಯೋನೆ, ಅಟ್ಲಾಸ್, ಎಲೆಕ್ಟ್ರಾ, ಮಾಯಾ, ಮೆರೋಪೆ, ಟೈಗೆಟಾ. ಇವುಗಳಲ್ಲಿ ಎಲ್ಲಕ್ಕಿಂತ ಉಜ್ವಲವಾದ ಆಲ್ಸಿಯೋನೆಯ ಕಾಂತಿಮಾನ 2.9. ಏಳನೆಯ ಪ್ಲೀಯೋನೆ ಮಂಕು, ಅದೂ ಅಲ್ಲದೆ ಅಟ್ಲಾಸಿನ ಮಗ್ಗುಲಿಗೇ ಅಂಟಿಕೊಂಡಿದೆ. ಕಪ್ಪು ಆಕಾಶವೂ ಒಳ್ಳೆಯ ಕಣ್ಣೂ ಕೂಡಿಬಂದರೆ ಎಣಿಕೆ ಏರುತ್ತದೆ. ಕೆಪ್ಲರನ ಗುರು ಮೆಸ್ಟ್ಲಿನ್ ದೂರದರ್ಶಕ ಹುಟ್ಟುವ ಮೊದಲೇ 11 ತಾರೆಗಳನ್ನು ಗುರುತಿಸಿ ನಕ್ಷೆ ಬರೆದಿದ್ದ. ಆರೋ ಏಳೋ ಎಂಬ ಗೊಂದಲ ನಮ್ಮಲ್ಲಿಯೂ ಹಳೆಯದು. ತೈತ್ತಿರೀಯ ಸಂಹಿತೆಯಲ್ಲಿ ಏಳು ಹೆಸರುಗಳಿವೆ: ಅಂಬಾ, ದುಲಾ, ನಿತತ್ನಿ, ಅಭ್ರಯಂತಿ, ಮೇಘಯಂತಿ, ವರ್ಷಯಂತಿ, ಚುಪುಣಿಕಾ. ಪುರಾಣಕ್ಕೆ ಬರುವಾಗ ಸ್ಕಂದನಿಗೆ ಹಾಲೂಡಿದವರು ಆರೇ ಮಂದಿ, ಅದಕ್ಕೇ ಅವನಿಗೆ ಆರು ಮುಖ. ಏಳನೆಯವಳು ಎಲ್ಲಿ ಹೋದಳು ಎಂಬ ಪ್ರಶ್ನೆಗೆ ಗ್ರೀಕರೂ ಒಂದು ಕಥೆ ಕಟ್ಟಿಕೊಂಡಿದ್ದಾರೆ.

ನವೆಂಬರ್ 20ರ ಆಸುಪಾಸಿನಲ್ಲಿ ಗುಚ್ಛ ಸೂರ್ಯನಿಗೆ ನೇರ ಎದುರಿಗಿರುತ್ತದೆ. ಸಂಜೆ ಮೂಡಿ ರಾತ್ರಿಯಿಡೀ ಇದ್ದು ಬೆಳಗಿನ ಜಾವ ಕಂತುತ್ತದೆ. ಮುಂದೆ ದಿನಕ್ಕೆ ನಾಲ್ಕು ನಿಮಿಷ ಬೇಗ ಮೂಡುತ್ತ, ಮೇ ಮೊದಲ ವಾರದ ಹೊತ್ತಿಗೆ ಪಡುವಣದ ಸಂಜೆಗೆಂಪಿನಲ್ಲಿ ಕರಗಿಹೋಗುತ್ತದೆ. ಇದೇ ಅವಧಿ ತೆಂಕುತಿಟ್ಟಿನ ಯಕ್ಷಗಾನ ಮೇಳಗಳ ತಿರುಗಾಟದ್ದೂ ಹೌದು. ಮೇಳಗಳು ಗೆಜ್ಜೆ ಕಟ್ಟುವುದು ದೀಪಾವಳಿ ಕಳೆದ ಮೇಲೆ, ಗೆಜ್ಜೆ ಬಿಚ್ಚುವುದು ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ. ಒಂದರಿಂದ ಇನ್ನೊಂದು ಹುಟ್ಟಿತು ಎಂದು ಹೇಳಲು ಆಧಾರವಿಲ್ಲ. ಎರಡನ್ನೂ ಆಳುವುದು ಮಳೆಗಾಲ ಮತ್ತು ಸೂರ್ಯ, ಅಷ್ಟೇ. ಆದರೂ ನವೆಂಬರ್ ಕೊನೆಯಲ್ಲಿ ಬೆಳಗಿನವರೆಗೆ ನಡೆಯುವ ಬಯಲಾಟಕ್ಕೆ ಹೋದವರು ಗಮನಿಸಬಹುದು: ಕೇಳಿ ಬಾರಿಸುವ ಮೊದಲೇ ಮೂಡಣದಲ್ಲಿ ಎದ್ದ ಚುಕ್ಕಿಗೊಂಚಲು ಮಂಗಲ ಹಾಡುವ ಹೊತ್ತಿಗೆ ಕಡಲ ಕಡೆ ಇಳಿದಿರುತ್ತದೆ.

ಪಂಚಾಂಗದಲ್ಲಿ

ವೇದಕಾಲದ ನಕ್ಷತ್ರಪಟ್ಟಿಗಳು ಅಶ್ವಿನಿಯಿಂದಲ್ಲ, ಕೃತ್ತಿಕೆಯಿಂದ ಶುರುವಾಗುತ್ತವೆ. ದೇವತೆ ಅಗ್ನಿ, ಆಕಾರ ಕ್ಷೌರದ ಕತ್ತಿ. ಸೂರ್ಯಸಿದ್ಧಾಂತವು ಇದರ ಯೋಗತಾರೆಗೆ (ಗುರುತಿನ ಮುಖ್ಯ ತಾರೆಗೆ) ಧ್ರುವಕ, ಅಂದರೆ ಆಕಾಶದ ರೇಖಾಂಶ, 37 ಡಿಗ್ರಿ 30 ಕಲೆ, ವಿಕ್ಷೇಪ, ಅಂದರೆ ಸೂರ್ಯನ ದಾರಿಯಿಂದ ಸರಿದ ದೂರ, ಉತ್ತರಕ್ಕೆ 5 ಡಿಗ್ರಿ ಎಂದು ಅಂಕೆಯನ್ನೂ ಕೊಟ್ಟಿದೆ. ಆ ಯೋಗತಾರೆ ಆಲ್ಸಿಯೋನೆ ಎಂಬುದು ಸಾಮಾನ್ಯ ಒಪ್ಪಿಗೆ. ಕೃತ್ತಿಕೆಗಳು ಪೂರ್ವ ದಿಕ್ಕನ್ನು ಬಿಟ್ಟು ಕದಲುವುದಿಲ್ಲ ಎಂಬ ಅರ್ಥದ ಮಾತು ಶತಪಥ ಬ್ರಾಹ್ಮಣದಲ್ಲಿದೆ. ಶಂಕರ ಬಾಲಕೃಷ್ಣ ದೀಕ್ಷಿತರು ಇದನ್ನೇ ಹಿಡಿದು ಆ ವೀಕ್ಷಣೆ ಕ್ರಿ.ಪೂ. 3000ದ ಸುಮಾರಿನದು ಎಂದು ವಾದಿಸಿದರು. ಒಂದು ವಾಕ್ಯದ ಮೇಲೆ ಅಷ್ಟು ಭಾರ ಹೊರಿಸುವುದು ಸರಿಯೇ ಎಂಬ ತಕರಾರು ಅಂದಿನಿಂದಲೂ ಇದೆ. ತಕರಾರಿನಲ್ಲಿ ಹುರುಳೂ ಇದೆ. ಭೂಮಿಯ ಅಕ್ಷ ಬುಗುರಿಯಂತೆ ಓಲಾಡುವುದರಿಂದ ನಕ್ಷತ್ರಗಳ ಮೂಡುನೆಲೆ ಬದಲಾಗುತ್ತ ಹೋಗುತ್ತದೆ ಎಂಬುದರಲ್ಲಂತೂ ವಾದವಿಲ್ಲ. ಈಗ ನೆಕ್ರಾಜೆಯ ಪದವಿನಿಂದ ನೋಡಿದರೆ ಕೃತ್ತಿಕೆ ಹುಟ್ಟುವುದು ನೇರ ಮೂಡಣದಿಂದ ಸುಮಾರು 25 ಡಿಗ್ರಿ ಬಡಗಣಕ್ಕೆ ಸರಿದು.

ರೈತರ ಲೆಕ್ಕದ ಕೃತ್ತಿಕೆ ಮಳೆಯದು ಇನ್ನೊಂದು ಸ್ವಾರಸ್ಯ. ಮಳೆ ನಕ್ಷತ್ರವೆಂದರೆ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಅದು. ಭರಣಿ ಮುಗಿದು ಮೇ 11ರ ಸುಮಾರಿಗೆ ಕೃತ್ತಿಕೆ ಹುಟ್ಟುತ್ತದೆ, 24–25ಕ್ಕೆ ರೋಹಿಣಿಗೆ ದಾರಿ ಬಿಡುತ್ತದೆ. ಅಂದರೆ ಯಾವ ಹದಿನಾಲ್ಕು ದಿನ ಜನ ಅದರ ಹೆಸರು ಹೇಳಿ ಮುಗಿಲು ನೋಡುತ್ತಾರೋ ಆ ದಿನಗಳಲ್ಲಿ ಗುಚ್ಛ ಸೂರ್ಯನ ಬೆನ್ನ ಹಿಂದೆ ಇರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಜೂನ್ ಎರಡನೆಯ ವಾರ ಅದು ಮುಂಜಾವದ ಮೂಡಣಕ್ಕೆ ಮರಳುವಾಗ ಕರಾವಳಿಯಲ್ಲಿ ಮೃಗಶಿರೆಯ ಮೋಡ ಕವಿದಿರುತ್ತದೆ. ಮಲೆಯಾಳ ಸೀಮೆಯಲ್ಲೂ ತುಳುನಾಡಿನಲ್ಲೂ ಅದು ಮತ್ತೆ ನಿಜವಾಗಿ ಕಣ್ಣಿಗೆ ಬೀಳುವುದು ಆಟಿ ಕಳೆದು ಮೋಡ ಹರಿದ ಮೇಲೆಯೇ. ಏಳು ಹೆಸರುಗಳಲ್ಲಿ ಮೂರು (ಅಭ್ರ, ಮೇಘ, ವರ್ಷ) ಮೋಡಮಳೆಯವೇ ಆಗಿರುವುದನ್ನು ನೆನೆದರೆ, ಕಾಣದ ಚುಕ್ಕಿಯಿಂದ ಕಾಲವನ್ನು ಲೆಕ್ಕ ಹಾಕುವ ಈ ಕ್ರಮ ಎಷ್ಟು ಹಳೆಯದಿರಬಹುದು ಎಂಬ ಕುತೂಹಲ ಹುಟ್ಟುತ್ತದೆ. ಕಾರ್ತಿಕ ಹುಣ್ಣಿಮೆಯ ಹೆಸರು ಬಂದದ್ದೂ ಇಲ್ಲಿಂದಲೇ: ಆ ರಾತ್ರಿ ತುಂಬುಚಂದ್ರ ಕೃತ್ತಿಕೆಯ ಬಳಿ ಇರುತ್ತಾನೆ. ಚಂದ್ರನ ಬೆಳಕಿಗೆ ಅಂದು ಗುಚ್ಛ ಕಾಣುವುದೇ ಕಷ್ಟ ಎಂಬುದು ಬೇರೆ ಮಾತು.

ಪತ್ತೆಯ ಕಥೆ

ಗೆಲಿಲಿಯೋ 1610ರಲ್ಲಿ ಪ್ರಕಟಿಸಿದ ‘ಸಿಡೆರಿಯಸ್ ನನ್ಸಿಯಸ್’ ಎಂಬ ಕಿರುಹೊತ್ತಗೆಯಲ್ಲಿ ಕೃತ್ತಿಕೆಯ ಚಿತ್ರವಿದೆ. ಬರಿಗಣ್ಣಿನ ಆರರ ಸುತ್ತ ಮೂವತ್ತು ಹೊಸ ಚುಕ್ಕಿ, ಒಟ್ಟು 36. ಕಾಣದ ನಕ್ಷತ್ರಗಳು ಇವೆ ಎಂಬುದೇ ಅಂದಿಗೆ ಹೊಸ ಮಾತು. ಆದರೆ ಒಂದೇ ಕಡೆ ಕಾಣುವ ಚುಕ್ಕಿಗಳು ನಿಜಕ್ಕೂ ಒಟ್ಟಿಗಿವೆಯೇ, ಇಲ್ಲವೆ ಹತ್ತಿರದ್ದೂ ದೂರದ್ದೂ ಒಂದೇ ನೇರಕ್ಕೆ ಬಂದು ಹಾಗೆ ತೋರುತ್ತವೆಯೇ? ಇದಕ್ಕೆ ಉತ್ತರ ಕೊಟ್ಟದ್ದು ದೂರದರ್ಶಕವಲ್ಲ, ಗಣಿತ. ಇಂಗ್ಲೆಂಡಿನ ಜಾನ್ ಮಿಚೆಲ್ 1767ರಲ್ಲಿ ಸಂಭಾವ್ಯತೆಯ ಲೆಕ್ಕ ಹಾಕಿದ. ಅಷ್ಟು ಉಜ್ವಲವಾದ ಆರು ತಾರೆಗಳು ಬರೀ ಆಕಸ್ಮಿಕವಾಗಿ ಅಷ್ಟು ಒತ್ತಾಗಿ ಕಾಣಿಸುವ ಸಾಧ್ಯತೆ ಐದು ಲಕ್ಷಕ್ಕೆ ಒಂದು ಎಂದು ಬಂತು. ಆದ್ದರಿಂದ ಇವು ಒಂದೇ ಕುಟುಂಬ. ನಕ್ಷತ್ರಶಾಸ್ತ್ರದಲ್ಲಿ ಸಂಭಾವ್ಯತೆಯನ್ನು ಹೀಗೆ ದುಡಿಸಿಕೊಂಡದ್ದು ಅದೇ ಮೊದಲು ಎನ್ನಬಹುದು. ಕೃತ್ತಿಕೆಯ ನಿಜವಾದ ‘ಪತ್ತೆ’ಗೆ ಒಂದೇ ಇಸವಿಯನ್ನು ಆರಿಸಬೇಕಾದರೆ ಈ ಲೇಖಕ ಆರಿಸುವುದು 1767.

ಧೂಮಕೇತುಗಳ ಬೇಟೆಗಾರ ಶಾರ್ಲ್ ಮೆಸ್ಸಿಯೇ 1769ರ ಮಾರ್ಚ್‌ನಲ್ಲಿ ಇದರ ಸ್ಥಾನ ಅಳೆದು ತನ್ನ ಮೊದಲ ಪಟ್ಟಿಯ ಕೊನೆಗೆ, 45ನೆಯದಾಗಿ, ಸೇರಿಸಿದ. ಆ ಪಟ್ಟಿ ಇದ್ದದ್ದು ಧೂಮಕೇತುವೆಂದು ಮೋಸಹೋಗಬಾರದ ಮಸುಕು ವಸ್ತುಗಳಿಗಾಗಿ. ಕೃತ್ತಿಕೆಯನ್ನು ಧೂಮಕೇತು ಎಂದುಕೊಳ್ಳುವವರು ಯಾರು? ಪಟ್ಟಿಗೊಂದು ದುಂಡು ಲೆಕ್ಕ ಬೇಕಿತ್ತೇನೋ.

ಹತ್ತೊಂಬತ್ತನೆಯ ಶತಮಾನದ ಅಳತೆಗಳು ಇನ್ನೊಂದು ಸಂಗತಿ ಹೇಳಿದವು: ಈ ತಾರೆಗಳು ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ, ಹಿಂಡಾಗಿ ಸರಿಯುತ್ತಿವೆ. ಆಕಾಶದಲ್ಲಿ ಒಂದು ಚಂದ್ರಬಿಂಬದಷ್ಟು ದೂರ ಸರಿಯಲು ಅವಕ್ಕೆ ಸುಮಾರು 36,000 ವರ್ಷ ಬೇಕು. ಪರಸ್ಪರ ಕದಲದ ಈ ಹಿಂಡನ್ನು ನೋಡಿ ಮೇಡ್ಲರ್ ಎಂಬ ಜರ್ಮನ್ ಖಗೋಳಜ್ಞ 1846ರಲ್ಲಿ, ಆಲ್ಸಿಯೋನೆಯೇ ಇಡೀ ಕ್ಷೀರಪಥದ ನಡುಸೂರ್ಯ, ನಮ್ಮ ಸೂರ್ಯ ಸುತ್ತುವುದೂ ಅದನ್ನೇ ಎಂದು ಸಾರಿಬಿಟ್ಟ. ಅಳತೆ ಸರಿ, ತೀರ್ಮಾನ ತಪ್ಪು.

1859ರಲ್ಲಿ ವೆನಿಸಿನಲ್ಲಿದ್ದ ವಿಲ್ಹೆಲ್ಮ್ ಟೆಂಪೆಲ್ ಪುಟ್ಟ ದೂರದರ್ಶಕದಲ್ಲಿ ಮೆರೋಪೆಯ ಸುತ್ತ ಕನ್ನಡಿಗೆ ಉಸಿರು ತಾಗಿದಂಥ ಮಂಜು ಕಂಡ. ಕೆಲವರಿಗೆ ಅದು ಕಂಡಿತು, ದೊಡ್ಡ ದೂರದರ್ಶಕ ಇಟ್ಟುಕೊಂಡ ಕೆಲವರಿಗೆ ಕಾಣಲಿಲ್ಲ, ವಾದ ಬೆಳೆಯಿತು. 1885ರಲ್ಲಿ ಪ್ಯಾರಿಸಿನ ಹೆನ್ರಿ ಸೋದರರು ತೆಗೆದ ಫೋಟೋದಲ್ಲಿ ಮಾಯಾ ತಾರೆಯ ಸುತ್ತಲೂ ಮಂಜು ಮೂಡಿದ ಮೇಲೆ ಕಣ್ಣಿನ ಸಾಕ್ಷಿಗಿಂತ ಫೋಟೋ ಪ್ಲೇಟಿನ ಸಾಕ್ಷಿ ಹೆಚ್ಚು ಎಂದಾಯಿತು. 1912ರಲ್ಲಿ ಅಮೆರಿಕದ ಲೋವೆಲ್ ವೀಕ್ಷಣಾಲಯದಲ್ಲಿ ವೆಸ್ಟೊ ಸ್ಲೈಫರ್ ಆ ಮಂಜಿನ ರೋಹಿತ ತೆಗೆದ. ಅದು ಮೆರೋಪೆ ತಾರೆಯ ರೋಹಿತದ ಪಡಿಯಚ್ಚು. ಮಂಜು ತಾನಾಗಿ ಉರಿಯುವ ಅನಿಲವಲ್ಲ, ತಾರೆಯ ಬೆಳಕನ್ನು ಚೆದರಿಸುವ ದೂಳು. ಅಂತರತಾರಾ ದೂಳಿನ ಅರಿವು ಬಲಗೊಂಡದ್ದು ಇಲ್ಲಿಂದ. ಈ ದೂಳು ಗುಚ್ಛ ಹುಟ್ಟಿದಾಗ ಉಳಿದ ಬಾಣಂತಿ ಕೋಣೆಯ ಕಸ ಎಂದೇ ಬಹುಕಾಲ ನಂಬಿದ್ದರು. ಆದರೆ ದೂಳಿನ ಮೋಡದ ಚಲನೆಯೂ ತಾರೆಗಳ ಚಲನೆಯೂ ಹೊಂದುವುದಿಲ್ಲ. ದಾರಿಯಲ್ಲಿ ಸಿಕ್ಕಿದ ಯಾವುದೋ ಮೋಡವನ್ನು ಗುಚ್ಛ ಈಗ ಹಾದುಹೋಗುತ್ತಿದೆ, ಅಷ್ಟೆ.

ಎಳೆಯದು ಎಂದರೆ ಎಷ್ಟು?

ಒಂದೇ ಮೋಡದಿಂದ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟಿ, ಸಡಿಲವಾದ ಗುರುತ್ವಬಂಧದಲ್ಲಿ ಉಳಿದ ನೂರಾರು ಸಾವಿರಾರು ತಾರೆಗಳ ಕೂಟಕ್ಕೆ ತೆರೆದ ಗುಚ್ಛ ಎನ್ನುತ್ತಾರೆ. ಲಕ್ಷಗಟ್ಟಲೆ ಮುದಿ ತಾರೆಗಳು ಚೆಂಡಿನಂತೆ ಒತ್ತಿಕೊಂಡ ಗೋಳಾಕಾರದ ಗುಚ್ಛಗಳಿಗಿಂತ ಇವು ಬೇರೆ. ಎಲ್ಲ ಸದಸ್ಯರೂ ಸಮವಯಸ್ಕರು, ಸಮದೂರದವರು, ವ್ಯತ್ಯಾಸವೇನಿದ್ದರೂ ತೂಕದ್ದು. ತಾರೆಯ ಬಣ್ಣವನ್ನೂ ಹೊಳಪನ್ನೂ ಒಂದರ ಎದುರು ಒಂದಿಟ್ಟು ಎಳೆಯುವ, ಈಗ ಪಠ್ಯಪುಸ್ತಕಗಳಲ್ಲೆಲ್ಲ ಇರುವ ನಕ್ಷೆಯನ್ನು ರೋಸೆನ್‌ಬರ್ಗ್ 1910ರಲ್ಲೂ ಹರ್ಟ್ಸ್‌ಸ್ಪ್ರಂಗ್ 1911ರಲ್ಲೂ ಮೊದಲು ಬರೆದದ್ದು ಕೃತ್ತಿಕೆಯನ್ನು ಇಟ್ಟುಕೊಂಡೇ. ತೂಕದ ತಾರೆ ಬೇಗ ಉರಿದು ಮುಗಿಯುತ್ತದೆ. ಆದ್ದರಿಂದ ನೀಲಿಯ ಭಾರಿ ತಾರೆಗಳು ಇನ್ನೂ ಉಳಿದಿರುವ ಗುಚ್ಛ ಎಳೆಯದು. ರೋಹಿಣಿಯ ಹಿನ್ನೆಲೆಯಲ್ಲಿ ಚೆದರಿ ಕಾಣುವ ಹಯಡೀಸ್ ಗುಚ್ಛದಲ್ಲಿ ಹಾಗಿಲ್ಲ. ಅದಕ್ಕೆ 60 ಕೋಟಿ ವರ್ಷ ದಾಟಿದೆ, ಅಲ್ಲಿ ಹಳದಿ ದೈತ್ಯರು ಕಾಣಿಸಿಕೊಂಡಿದ್ದಾರೆ. (ರೋಹಿಣಿ ಸ್ವತಃ ಆ ಗುಚ್ಛದ್ದಲ್ಲ, ನಡುದಾರಿಯಲ್ಲಿ ನಿಂತಿದೆ.) ಕೃತ್ತಿಕೆಯಲ್ಲೂ ಸಾವು ಆಗಿಲ್ಲವೆಂದಲ್ಲ. ಎಲ್‌ಬಿ 1497 ಎಂಬ ಶ್ವೇತಕುಬ್ಜವೊಂದು ಅಲ್ಲಿದೆ, ಈಗಿರುವ ಎಲ್ಲರಿಗಿಂತ ಭಾರವಾಗಿದ್ದ ತಾರೆಯೊಂದು ಬಿಟ್ಟುಹೋದ ಬೂದಿ.

ಸೂರ್ಯನ 460 ಕೋಟಿ ವರ್ಷದ ಪಕ್ಕದಲ್ಲಿ 12 ಕೋಟಿ ಎಂದರೆ ಹಸುಳೆ. ನೆಲದ ಮೇಲಿನ ಲೆಕ್ಕಕ್ಕೆ ಬಂದರೆ ಮಾತು ತಿರುವುಮುರುವು. ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಮಡಗಾಸ್ಕರ್ ಭಾರತದಿಂದ ಕಳಚಿಕೊಳ್ಳುತ್ತಿದ್ದ ಕಾಲದ ಲಾವಾ, ಸುಮಾರು 8.8 ಕೋಟಿ ವರ್ಷದವು. ಕೃತ್ತಿಕೆ ಹೊತ್ತಿಕೊಂಡಾಗ ನಮಗೆ ಪಡುವಣ ಕಡಲತೀರವೇ ಇರಲಿಲ್ಲ.

ವಯಸ್ಸನ್ನು ಇಷ್ಟು ನಿಖರವಾಗಿ ಹೇಳಲು ನೆರವಾದದ್ದು ಲಿಥಿಯಂ. ತಾರೆಯ ಒಳಗಿನ ಶಾಖದಲ್ಲಿ ಲಿಥಿಯಂ ಉಳಿಯುವುದಿಲ್ಲ. ತೀರ ಹಗುರ ಕಾಯಗಳು ಅಷ್ಟು ಕಾಯುವುದೇ ಇಲ್ಲವಾದ್ದರಿಂದ ಅವುಗಳಲ್ಲಿ ಉಳಿಯುತ್ತದೆ. ಉಳಿದವು, ಅಳಿದವು ಇವುಗಳ ನಡುವಿನ ಗಡಿ ವರ್ಷ ಕಳೆದಂತೆ ಕೆಳಗೆ ಜಾರುತ್ತದೆ. ಗಡಿ ಎಲ್ಲಿದೆ ಎಂದು ಕಂಡರೆ ವಯಸ್ಸು ತಿಳಿಯಿತು. ಈ ಹುಡುಕಾಟದಲ್ಲೇ ಕಂದು ಕುಬ್ಜಗಳು ಸಿಕ್ಕವು. ಗ್ರಹಕ್ಕಿಂತ ಭಾರ, ತಾರೆಯಾಗಿ ಉರಿಯಲಾರದಷ್ಟು ಹಗುರವಾದ ಇಂಥ ಕಾಯಗಳಿರಬೇಕೆಂದು 1960ರ ದಶಕದ ಮೊದಲಿಗೇ ಲೆಕ್ಕ ಹಾಕಿ ಹೇಳಿದ್ದವರು ಭಾರತ ಮೂಲದ ಶಿವ್ ಎಸ್. ಕುಮಾರ್. ಮೂವತ್ತು ವರ್ಷ ಯಾರಿಗೂ ಸಿಗದ ಕಾಯ 1995ರಲ್ಲಿ ಎರಡು ಕಡೆಯಿಂದ ಬಂತು. ಕೆನರಿ ದ್ವೀಪಗಳ ರಾಫೆಲ್ ರೆಬೊಲೊ ತಂಡ ಕೃತ್ತಿಕೆಯೊಳಗೇ ‘ಟೈಡೆ 1’ ಎಂಬುದನ್ನು ಕಂಡುಹಿಡಿಯಿತು. ಎಳೆಯದಾದ್ದರಿಂದ ಅದಿನ್ನೂ ಬಿಸಿಯಾಗಿ ಹೊಳೆಯುತ್ತಿತ್ತು. ಅದೇ ವರ್ಷ ಬೇರೊಂದು ನೆರೆತಾರೆಯ ಸಂಗಾತಿಯಾಗಿ ‘ಗ್ಲೀಸೆ 229 ಬಿ’ ಪ್ರಕಟವಾಯಿತು. ಅದನ್ನು ಕಂಡ ತಂಡದಲ್ಲಿದ್ದವರು ಹುಬ್ಬಳ್ಳಿಯಲ್ಲಿ ಬೆಳೆದ, ಕ್ಯಾಲ್‌ಟೆಕ್‌ನ ಶ್ರೀನಿವಾಸ ಕುಲಕರ್ಣಿ. ಕೃತ್ತಿಕೆಯ ಕಥೆಯಲ್ಲಿ ಅವರ ಹೆಸರು ಇನ್ನೊಮ್ಮೆ ಬರುತ್ತದೆ.

ದೂರದ ತಕರಾರು

ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ತಾರೆ ದೂರದವುಗಳ ಎದುರು ತುಸು ಅತ್ತಿತ್ತ ಸರಿದಂತೆ ತೋರುತ್ತದೆ. ಆ ಸರಿತವನ್ನು ಅಳೆದರೆ ದೂರ ಸಿಗುತ್ತದೆ. ಕೃತ್ತಿಕೆಗೆ ಈ ಕೋನ ಎಷ್ಟು ಸಣ್ಣದೆಂದರೆ, ಚೆನ್ನೈಯ ಕಡಲ ಕಿನಾರೆಯಲ್ಲಿಟ್ಟ ಒಂದು ರೂಪಾಯಿ ನಾಣ್ಯ ಕಾಸರಗೋಡಿನಿಂದ ಎಷ್ಟಗಲ ಕಂಡೀತೋ ಹೆಚ್ಚುಕಡಿಮೆ ಅಷ್ಟು. ಇಂಥ ಕೋನಗಳನ್ನು ಅಳೆಯಲೆಂದೇ ಐರೋಪ್ಯರು 1989ರಲ್ಲಿ ಹಿಪ್ಪಾರ್ಕಸ್ ಉಪಗ್ರಹ ಹಾರಿಸಿದರು. 1997ರಲ್ಲಿ ಅದರ ಪಟ್ಟಿ ಬಂದಾಗ ಎಲ್ಲರೂ ಕಣ್ಣುಜ್ಜಿಕೊಂಡರು. ಅಷ್ಟರವರೆಗೆ 430 ಜ್ಯೋತಿರ್ವರ್ಷದ ಆಸುಪಾಸಿನಲ್ಲಿದ್ದ ಕೃತ್ತಿಕೆ ಏಕಾಏಕಿ 385ಕ್ಕೆ ಬಂದು ನಿಂತಿತ್ತು. ಹತ್ತಿರವಿದ್ದೂ ಇಷ್ಟೇ ಹೊಳೆಯುತ್ತವೆಂದರೆ ಆ ತಾರೆಗಳು ಸ್ವಭಾವತಃ ಮಂಕಾಗಿರಬೇಕು. ಹಾಗಿದ್ದರೆ ತಾರೆಗಳು ಉರಿಯುವ ಬಗ್ಗೆ ಕಟ್ಟಿದ ಸಿದ್ಧಾಂತವೇ ಅಲುಗಬೇಕು. ದೂರದ ಗೆಲಾಕ್ಸಿಗಳವರೆಗೆ ಹೋಗುವ ಅಳತೆಯ ಏಣಿಗೆ ಕೃತ್ತಿಕೆ ಕೆಳಗಿನ ಮೆಟ್ಟಿಲು. ಮೆಟ್ಟಿಲು ಹತ್ತಕ್ಕೊಂದು ಪಾಲು ಜರುಗಿದರೆ ಮೇಲಿನದ್ದೆಲ್ಲ ಜರುಗುತ್ತದೆ.

2004ರಲ್ಲಿ ಷಾವೊಪೇ ಪಾನ್, ಮೈಕೆಲ್ ಶಾವೊ ಮತ್ತು ಕುಲಕರ್ಣಿ ‘ನೇಚರ್’ ಪತ್ರಿಕೆಯಲ್ಲಿ ಬೇರೆ ದಾರಿಯ ಉತ್ತರ ಕೊಟ್ಟರು. ಕಣ್ಣಿಗೆ ಒಂದಾಗಿ ಕಾಣುವ ಅಟ್ಲಾಸ್ ನಿಜವಾಗಿ ಒಂದನ್ನೊಂದು ಸುತ್ತುವ ಜೋಡಿ, ಸುತ್ತಿಗೆ ಸುಮಾರು 291 ದಿನ. ಹಲವು ಕನ್ನಡಿಗಳ ಬೆಳಕನ್ನು ಬೆಸೆಯುವ ವ್ಯತಿಕರಣಮಾಪಕಗಳಿಂದ ಆ ಕಕ್ಷೆ ಆಕಾಶದಲ್ಲಿ ಎಷ್ಟಗಲ ಕಾಣುತ್ತದೆ ಎಂದು ಅವರು ಅಳೆದರು. ಕೆಪ್ಲರನ ನಿಯಮಕ್ಕೆ ಸುತ್ತಿನ ಅವಧಿಯನ್ನೂ ತಾರೆಗಳ ತೂಕದ ಅಂದಾಜನ್ನೂ ಕೊಟ್ಟರೆ ಕಕ್ಷೆಯ ನಿಜವಾದ ಅಗಲ ಬರುತ್ತದೆ. ನಿಜ ಅಗಲ, ಕಾಣುವ ಅಗಲ ಎರಡೂ ಕೈಗೆ ಬಂದ ಮೇಲೆ ದೂರ ಕಟ್ಟಿಟ್ಟ ಬುತ್ತಿ: 133ರಿಂದ 137 ಪಾರ್ಸೆಕ್, ಅಂದರೆ 434ರಿಂದ 447 ಜ್ಯೋತಿರ್ವರ್ಷ. ಹಿಪ್ಪಾರ್ಕಸ್ ಪಕ್ಷದವರು ಸುಲಭಕ್ಕೆ ಸೋಲೊಪ್ಪಲಿಲ್ಲ. 2014ರಲ್ಲಿ ಭೂಮಿಯ ಬೇರೆ ಬೇರೆ ಮೂಲೆಗಳ ರೇಡಿಯೋ ದೂರದರ್ಶಕಗಳನ್ನು ಜೋಡಿಸಿ ಅಳೆದಾಗ 136.2 ಪಾರ್ಸೆಕ್ ಬಂತು. ಹಿಪ್ಪಾರ್ಕಸ್‌ನ ವಾರಸುದಾರ ಗೈಯಾ ಉಪಗ್ರಹವೂ 2018ರ ಪಟ್ಟಿಯಲ್ಲಿ ಅದಕ್ಕೇ ಸಹಿ ಹಾಕಿತು. ಈಗ ನಾವು ಕಾಣುವ ಕೃತ್ತಿಕೆಯ ಬೆಳಕು ಹೊರಟಾಗ ವಿಜಯನಗರದ ಅರಸರು ಪೆನುಗೊಂಡೆಯಲ್ಲಿದ್ದರು, ಗೆಲಿಲಿಯೋ ಹದಿಹರೆಯದ ಹುಡುಗ.

ಹೊಸಕೋಟೆಯಿಂದ

ಅಟ್ಲಾಸಿನ ಮಗ್ಗುಲಿನ ಆ ಏಳನೆಯ ಪ್ಲೀಯೋನೆ ವಿಪರೀತ ವೇಗದಲ್ಲಿ ಗಿರಕಿ ಹೊಡೆಯುವ ತಾರೆ. ಆ ಭರಕ್ಕೆ ನಡುವಿನಿಂದ ಅನಿಲ ಸಿಡಿದು ಸುತ್ತಲೂ ತಟ್ಟೆಯಾಗುತ್ತದೆ, ಕೆಲವು ದಶಕಕ್ಕೆ ಕರಗುತ್ತದೆ, ಮತ್ತೆ ಕಟ್ಟುತ್ತದೆ. ಇಂಥವನ್ನು ಬಿಇ ತಾರೆ ಎನ್ನುತ್ತಾರೆ. ಎಳೆಯ ತೆರೆದ ಗುಚ್ಛಗಳಲ್ಲಿ ಇವು ಎಷ್ಟಿವೆ ಎಂಬ ವ್ಯಾಪಕ ಶೋಧ ನಡೆದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ. ಬ್ಲೆಸನ್ ಮ್ಯಾಥ್ಯೂ, ಅನ್ನಪೂರ್ಣಿ ಸುಬ್ರಮಣ್ಯಂ, ಬಿ.ಸಿ. ಭಟ್ 2008ರಲ್ಲಿ ಪ್ರಕಟಿಸಿದ ಸಮೀಕ್ಷೆ 207 ಗುಚ್ಛಗಳನ್ನು ಜಾಲಾಡಿತ್ತು. 42 ಗುಚ್ಛಗಳಲ್ಲಿ 157 ತಾರೆ ಸಿಕ್ಕವು, ಅವುಗಳಲ್ಲಿ 54 ಹೊಸವು. ಇದಕ್ಕೆ ದುಡಿದ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಇರುವುದು ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ. ಅದನ್ನು ತಿರುಗಿಸುವವರು ಕೂರುವುದು ಬೆಂಗಳೂರಿನ ಹೊರಗಿನ ಹೊಸಕೋಟೆಯಲ್ಲಿ, ಉಪಗ್ರಹದ ಸಂಪರ್ಕ ಹಿಡಿದು.

ಚೆದರುವಿಕೆ

ತೆರೆದ ಗುಚ್ಛ ಬಹುಕಾಲ ಬಾಳುವುದಿಲ್ಲ. ಕ್ಷೀರಪಥದ ಎಳೆತಕ್ಕೂ ದಾರಿಯ ಮೋಡಗಳ ಎಳೆತಕ್ಕೂ ಸಿಕ್ಕಿ ತಾರೆಗಳು ಒಂದೊಂದಾಗಿ ಕಳಚುತ್ತವೆ. ಕೃತ್ತಿಕೆಗೆ ಇನ್ನು ಉಳಿದಿರುವುದು 25 ಕೋಟಿ ವರ್ಷದಷ್ಟು ಎಂಬುದು ಅಂದಾಜು. ಕಳಚಿಹೋದವರನ್ನು ಗುರುತಿಸುವುದು ಹೇಗೆ? ತಾರೆಗೆ ವಯಸ್ಸಾದಂತೆ ಗಿರಕಿ ನಿಧಾನವಾಗುತ್ತದೆ. ಟೆಸ್ ಉಪಗ್ರಹದಿಂದ ಗಿರಕಿಯನ್ನೂ ಗೈಯಾದಿಂದ ಚಲನೆಯನ್ನೂ ತೆಗೆದುಕೊಂಡು 2025ರಲ್ಲಿ ಅಮೆರಿಕದ ಸಂಶೋಧಕರು ಹುಡುಕಿದಾಗ, ಆಕಾಶದ ಉದ್ದಗಲಕ್ಕೆ ಚೆಲ್ಲಿಹೋದ 3,000ಕ್ಕೂ ಹೆಚ್ಚು ಒಡಹುಟ್ಟುಗಳು ಸಿಕ್ಕವು. ಗೊಂಚಲಾಗಿ ಕಾಣುವುದು ಚೆದರುತ್ತಿರುವ ದೊಡ್ಡ ಬಳಗವೊಂದರ ನಡುಮನೆ ಮಾತ್ರ.

ಚೆದರುವ ತನಕ ಗುಚ್ಛಕ್ಕೆ ಭೇಟಿಗಾರರೂ ಇದ್ದಾರೆ. ಕೃತ್ತಿಕೆ ಸೂರ್ಯನ ದಾರಿಯಾದ ಕ್ರಾಂತಿವೃತ್ತದ ಮಗ್ಗುಲಲ್ಲೇ ಇರುವುದರಿಂದ ಚಂದ್ರ ಆಗಾಗ ಅದನ್ನು ಮರೆಮಾಡುತ್ತಾನೆ. ಎಂಟು ವರ್ಷಕ್ಕೊಮ್ಮೆ ಏಪ್ರಿಲ್ ಮೊದಲ ವಾರ ಶುಕ್ರಗ್ರಹ ಗುಚ್ಛದ ನಡುವಿನಿಂದಲೇ ಹಾದುಹೋಗುತ್ತದೆ. ಕಳೆದ ಸಲ ಹಾಗಾದದ್ದು 2020ರ ಏಪ್ರಿಲ್ 3ರಂದು. ಆಗ ಕೊರೊನಾದ ಲಾಕ್‌ಡೌನ್ ಇತ್ತು, ಕೇರಳ–ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತ್ತು, ರಸ್ತೆಯಲ್ಲಿ ವಾಹನವಿರಲಿಲ್ಲ. ಮುಂದಿನದು 2028ರ ಏಪ್ರಿಲ್‌ನಲ್ಲಿ, ಸಂಜೆ, ಪಡುವಣ ಆಕಾಶದಲ್ಲಿ.